ವಕೀಲರ ಮಗಳು, ಮಾಸ್ತರರ ತತ್ತಿ

"ನನ್ನ ಮಗಳ ಕೈಯಾಗ ತತ್ತಿ ಕೊಟ್ಟವರು ಯಾರ್ರೀ?"

ಹೊಸ್ತಿಲಾಚೆ ನಿಂತ ಸುಮೇಧಾಳ ದನಿಗೆ ಪಡಸಾಲೆಯಲ್ಲಿದ್ದ ಮಕ್ಕಳೆಲ್ಲ ಬಾಗಿಲತ್ತ ತಿರುಗಿದರು. ಸವಣೂರಿನ ಕೋರ್ಟಿನಲ್ಲಿ ಎದುರು ವಕೀಲರೇ ತಡವರಿಸುತ್ತಿದ್ದ ದನಿ ಅದು!

ಮಕ್ಕಳ ನಡುವೆ ಕುಳಿತಿದ್ದ ಶಿವಯೋಗಿ ಎದ್ದು ನಿಂತ. ಮಾಸೂರು ಕಡೆಯ ವಿಜ್ಞಾನ ಮಾಸ್ತರ. ಊರಿಗೆ ಬಂದು ಎರಡು ತಿಂಗಳಾಗಿತ್ತು. ಭಾನುವಾರ ಮಕ್ಕಳನ್ನು ಮನೆಗೆ ಕರೆದು ಪ್ರಯೋಗ ಮಾಡಿಸುತ್ತಿದ್ದ.

"ನಾನ ಕೊಟ್ಟೇನ್ರಿ, ವಕೀಲ್ರ. ತಿನ್ನಾಕಲ್ಲ. ಎರಡು ದಿನ ವಿನೆಗರ್‌ನಾಗ ಇಟ್ಟಿದ್ವಿ. ಮ್ಯಾಲಿನ ಚಿಪ್ಪು ಕರಗಿ ರಬ್ಬರ್ ಚೆಂಡಿನಂಗ ಆಗೇತಿ, ನೋಡ್ರಿ..."

"ನಾ ಯಾಕ ನೋಡ್ಲಿ? ನಮ್ಮವ್ವ ಮನ್ಯಾಗ ಅದರ ಹೆಸರೂ ತಗೊಳ್ಳಾಕ ಬಿಡಂಗಿಲ್ಲ. ಹೆತ್ತವರನ್ನ ಒಂದು ಮಾತು ಕೇಳದ ಕೊಟ್ರಲ್ಲ, ಎಷ್ಟು ಸೊಕ್ಕು ನಿಮಗ!"

ಶಿವಯೋಗಿ ಎಂಟು ವರ್ಷದ ಅನಘಾಳತ್ತ ನೋಡಿದ. ಅವಳು ತಲೆ ತಗ್ಗಿಸಿದಳು. ಅವನ ದವಡೆ ಬಿಗಿಯಿತು.

"ತಪ್ಪಾತು. ಕರ್ಕೊಂಡು ಹೋಗ್ರಿ."

ಕ್ಷಮೆಯೋ, ಅವಮಾನವೋ? ಸುಮೇಧಾಳ ಮೈ ಉರಿಯಿತು. ವಿಚ್ಛೇದನವಾಗಿ ಮೂರು ವರ್ಷ... ಗಂಡನಿಲ್ಲದ ಮನೆಯೆಂದರೆ ಎಲ್ಲರಿಗೂ ಸಲಿಗೆಯೇ? ಮರುದಿನವೇ, ಅನಘಾಳೂ ಓದುತ್ತಿದ್ದ ಅವನ ಶಾಲೆಗೆ ಲಿಖಿತ ದೂರು ಕೊಟ್ಟಳು. ವಿಚಾರಣೆ ಶುರುವಾಯಿತು.

ಸಂತೆಯಲ್ಲಿ ಎದುರಾದಾಗ ಅವನೇ ನಿಂತ.

"ನನ್ನ ನೌಕರಿ ಹೋದ್ರ ಹೋಗ್ಲಿ. ಆದ್ರ ಆ ಹುಡುಗಿ ತಲ್ಯಾಗ ಭಾಳ ಪ್ರಶ್ನೆ ಅದಾವ. ಬೈದು ಬಾಯಿ ಮುಚ್ಚಿಸಬ್ಯಾಡ್ರಿ."

"ನನ್ನ ಮಗಳ ವಿಚಾರ ನಿಮಗ ಬ್ಯಾಡ!"

ಆ ವಾರವೇ, ಊಟಕ್ಕೆ ಕುಳಿತ ಅನಘಾ ಬಿಕ್ಕಿ ಬಿಕ್ಕಿ ಅತ್ತಳು.

"ಅವ್ವಾ, ಮಾಸ್ತರ್ರನ್ನ ಸಾಲಿಯಿಂದ ತಗೀಬ್ಯಾಡಂತ ಹೇಳು... ಅವರು ಮೊದಲ ಒಪ್ಪಿಗಿ ಚೀಟಿ ಕೊಟ್ಟಿದ್ರು. ಅವ್ವನ ಸಹಿ ತಗೊಂಡು ಬಾ ಅಂದಿದ್ರು. ನೀ ಒಲ್ಲೆ ಅಂತಿದ್ದಿ... ಅದಕ್ಕ ನಾನ ನಿನ್ನ ಸಹಿ ಹಾಕಿದೆ."

ಸುಮೇಧಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. ಆ ಚೀಟಿ ತೋರಿಸಿದ್ದರೆ ತನ್ನ ದೂರು ಒಂದೇ ನಿಮಿಷಕ್ಕೆ ಬಿದ್ದುಹೋಗುತ್ತಿತ್ತು. ಅವನು ತೋರಿಸಿರಲಿಲ್ಲ. ತಾನೂ ಕೇಳಿರಲಿಲ್ಲ... ವಕೀಲಳಾಗಿ!

ಮರುದಿನ ಶಾಲೆಯಲ್ಲಿ ಎಲ್ಲರೆದುರು "ತಪ್ಪು ನನ್ನದು" ಎಂದು ಬರೆದುಕೊಟ್ಟು ದೂರು ಹಿಂಪಡೆದಳು. ಗೇಟಿನ ಬಳಿ ಅವನನ್ನು ತಡೆದಳು.

"ಚೀಟಿ ಯಾಕ ತೋರಿಸ್ಲಿಲ್ರಿ?"

"ಸಣ್ಣ ಹುಡುಗಿ. ಸಾಲಿ ತುಂಬ ಕಳ್ಳಿ ಅಂತಿದ್ರು."

"ನನ್ನ ಮ್ಯಾಲೆ ಸಿಟ್ಟಿರಬೇಕು."

"ಭಾಳ ಐತ್ರಿ. ಇಲ್ಲ ಅಂತ ಸುಳ್ಳು ಹೇಳಂಗಿಲ್ಲ." ಅವನು ಹೊರಟೇಬಿಟ್ಟ.

ಮುಂದಿನ ಭಾನುವಾರದಿಂದ ಅನಘಾಳನ್ನು ಸುಮೇಧಾಳೇ ಕರೆತಂದು ಅವನ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂರತೊಡಗಿದಳು. ನೀರಿನಲ್ಲಿ ಮುಳುಗಿದ ತತ್ತಿ ಉಪ್ಪು ಬೆರೆಸಿದೊಡನೆ ತೇಲುವುದನ್ನು ಕಿಟಕಿಯಿಂದ ಕಂಡಳು. ಅವಳು ಹೊತ್ತಾಯಿತೆಂದರೆ ಅವನು ಸಿಡುಕುತ್ತಿದ್ದ. ಅವನು ಸಿಡುಕಿದರೆ ಅವಳು ವಾದಕ್ಕಿಳಿಯುತ್ತಿದ್ದಳು. ಆದರೂ ಒಂದು ಭಾನುವಾರವೂ ತಪ್ಪಲಿಲ್ಲ...

ಏಳನೆಯ ಭಾನುವಾರ, ಚಿಪ್ಪು ಕರಗಿದ ತತ್ತಿಗೆ ಅನಘಾ ಮೊಬೈಲ್ ಟಾರ್ಚ್ ಹಿಡಿದಳು. "ಅವ್ವಾ, ಒಳಗ ಹಳದಿ ಅಲ್ಲಾಡಾಕತ್ತೇತಿ! ಹಿಡಿ!"

ಸುಮೇಧಾ ಮೊದಲ ಬಾರಿ ಹೊಸ್ತಿಲು ದಾಟಿದಳು. ಅಂಗೈ ಚಾಚಿದಳು. ಮೆತ್ತಗಿನ ತತ್ತಿ ಬೆರಳಂಚಿಗೆ ಉರುಳಿತು... ಕೆಳಗಿನಿಂದ ಶಿವಯೋಗಿಯ ಅಂಗೈ ಆಸರೆಯಾಯಿತು. ಇಬ್ಬರೂ ಕೈ ತೆಗೆಯಲಿಲ್ಲ.

ಮಕ್ಕಳು ಅಂಗಳಕ್ಕೆ ಓಡಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಸಿಟ್ಟು ಇಳೀತೇನ್ರಿ?"

"ಇಲ್ಲ. ಆದ್ರ ನಿಮ್ಮ ಸ್ಕೂಟಿ ಸಪ್ಪಳ ಕೇಳಿದ್ರ ಬಾಗಿಲಿಗೆ ಬಂದು ನಿಲ್ತೇನಿ. ನನ್ನ ಮ್ಯಾಲ ನನಗ ಸಿಟ್ಟು ಬರ್ತೇತಿ."

"ನಾ ಸುಲಭದಾಕಿ ಅಲ್ಲ. ದಿನಾ ಜಗಳ ತಗೀತೇನಿ."

"ತಗೀರಿ. ಒಂದ ಮನ್ಯಾಗ ಇದ್ದು ತಗೀರಿ."

ಅವಳ ಕಣ್ಣು ತುಂಬಿದವು. "ನಮ್ಮವ್ವ ಒಪ್ಪಂಗಿಲ್ಲ..."

"ಅವರ ಕಾಲಿಗೆ ಬಿದ್ದು ಕೇಳ್ತೇನಿ. ಮೊದಲ ನೀವು ಹೇಳ್ರಿ. ಒಪ್ಪಿಗಿ ಐತೇನು?"

"ಯಾವಾಗೋ ಒಪ್ಪೇನಿ, ಶಿವಯೋಗಿ..."

ಮಾಸ್ತರ್ರ ಎನ್ನದೆ ಹೆಸರು ಹಿಡಿದು ಕರೆದದ್ದು ಅವಳಿಗೇ ಆಮೇಲೆ ತಿಳಿಯಿತು.

"ಇನ್ನೊಮ್ಮೆ ಕರೀರಿ," ಎಂದ ಅವನು.