ದೋಷ ಇದ್ದಲ್ಲೇ ಗುರುತು

“ಆಟೋಮ್ಯಾಟಿಕ್ ಗಾಡಿ ಅನ್ನೋ ಮಾತು ನಿಮ್ಮ ಬಾಯಿಂದ ಬಂತೋ, ನಾನು ಈಗಲೇ ಹೊರಟು ಹೋಗ್ತೀನಿ!”

ಶೆಡ್ಡಿನ ಬಾಗಿಲಲ್ಲಿ ನಿಂತು ಡಾಕ್ಟರಮ್ಮ ಹೀಗೆ ಗುಡುಗಿದಾಗ ಅವಳೆದುರು ಪೂರ್ತಿ ಮನುಷ್ಯ ಅಂತ ಯಾರೂ ಇರಲಿಲ್ಲ. ಇದ್ದದ್ದು ಎರಡು ಕಾಲು ಮಾತ್ರ. ಅವಳು ತೋರಿಸಲು ತಂದಿದ್ದ ಬಿಳಿ ಗಾಡಿಯ ಅಡಿಯಿಂದ, ಗ್ರೀಸ್ ಮೆತ್ತಿದ ಬೂಟು ಸಮೇತ ಹೊರಗೆ ಚಾಚಿಕೊಂಡಿದ್ದವು.

“ನಾನಿನ್ನೂ ಬಾಯೇ ತೆಗೆದಿಲ್ಲವಲ್ಲ ಡಾಕ್ಟ್ರೇ?” ಅಂತು ಗಾಡಿಯ ಅಡಿಯಿಂದ ಒಂದು ತಣ್ಣನೆಯ ದನಿ.

“ತೆಗೀತೀರಿ! ಎಲ್ಲರೂ ತೆಗೀತಾರೆ. ನಾನು ಮೂರು ಹೆಜ್ಜೆ ನಡೆದದ್ದು ನೋಡಿದ್ರೆ ಸಾಕು, ಅಯ್ಯೋ ಪಾಪ, ಕ್ಲಚ್ ಇಲ್ಲದ ಗಾಡಿ ತಗೊಳ್ಳಿ ಅಂತ ಶುರು. ನನ್ನ ಎಡಗಾಲಿನ ಸುದ್ದಿ ಈ ಶೆಡ್ಡಲ್ಲಿ ಬರಬಾರದು. ನಾನು ಗಾಡಿ ತೋರಿಸೋಕೆ ಬಂದಿದ್ದೀನಿ, ಕಾಲು ತೋರಿಸೋಕಲ್ಲ!”

ಆಮೇಲೆ ಬೂಟಿನ ಹಿಂದೆ ಪ್ಯಾಂಟು, ಪ್ಯಾಂಟಿನ ಹಿಂದೆ ಅಂಗಿ, ಕೊನೆಗೆ ಹುಬ್ಬಿನ ತುಂಬ ಧೂಳು ಹೊತ್ತ ಒಂದು ಮುಖ ಹೊರಗೆ ಜಾರಿ ಬಂತು. ಅಂಗೈ ಒರೆಸಿಕೊಳ್ಳುತ್ತ ಎದ್ದು ನಿಂತ ಮೇಸ್ತ್ರಿ ಅವಳ ಮುಖವನ್ನೇ ನೋಡಿದ. ಕಾಲಿನ ಕಡೆ ನೋಡಲೇ ಇಲ್ಲ.

“ಸರಿ. ಆ ಮಾತು ನಾನು ಎತ್ತಲ್ಲ. ಮಾತು ಕೊಟ್ಟೆ.”

ಅಷ್ಟೇ. ಕಣ್ಣಲ್ಲಿ ಅಯ್ಯೋ ಪಾಪ ಇಲ್ಲ, ತುಟಿಯಲ್ಲಿ ನಗು ಇಲ್ಲ. ಜಗಳಕ್ಕೆ ಸೆರಗು ಕಟ್ಟಿ ಬಂದಿದ್ದ ಡಾಕ್ಟರಮ್ಮನಿಗೆ ಇದ್ದಕ್ಕಿದ್ದಂತೆ ಜಗಳವೇ ಕೈತಪ್ಪಿ ಹೋಯಿತು!

ಅವಳು ಪ್ರಾಣಿಗಳ ಡಾಕ್ಟರ್. ಎರಡು ವರ್ಷದ ಹಿಂದೆ ಕುದುರೆಯೊಂದಕ್ಕೆ ಚುಚ್ಚುಮದ್ದು ಕೊಡುವಾಗ ಅದು ಒದ್ದು, ಎಡ ಮಂಡಿ ಪುಡಿಯಾಗಿತ್ತು. ಈಗ ಅದರೊಳಗೆ ಒಂದು ಉಕ್ಕಿನ ಪಟ್ಟಿ ಇದೆ. ಅಂದಿನಿಂದ ಅವಳನ್ನು ಆಸ್ಪತ್ರೆಯ ಮೇಜಿನ ಹಿಂದೆ ಕೂರಿಸಿ, ಕಾಗದಕ್ಕೆ ಸಹಿ ಹಾಕಿಸುತ್ತಿದ್ದರು. ಕಾಗದಕ್ಕೆ ಜ್ವರ ಬರುವುದಿಲ್ಲ, ಕಾಗದ ಕರು ಹಾಕುವುದೂ ಇಲ್ಲ. ಅವಳಿಗೆ ಉಸಿರು ಕಟ್ಟಿತ್ತು.

ಕೊನೆಗೂ ಬೆಟ್ಟದ ಮೇಲಿನ ಹನ್ನೊಂದು ಹಳ್ಳಿಗಳ ಹುದ್ದೆ ಖಾಲಿಯಾಯಿತು. ಅರ್ಜಿ ಹಾಕಿದಳು, ಸಿಕ್ಕಿತು! ಆದರೆ ಆಫೀಸಿನವರದ್ದು ಒಂದೇ ಪಟ್ಟು. ಬೆಟ್ಟ ಹತ್ತುವ ಸ್ವಂತ ಗಾಡಿ ಇರಬೇಕು, ಈ ಸೋಮವಾರ ಬಿಟ್ಟು ಮುಂದಿನ ಸೋಮವಾರದೊಳಗೆ ತಂದು ತೋರಿಸಬೇಕು. ಇಲ್ಲದಿದ್ದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವರಿಗೆ.

ಉಳಿದಿದ್ದದ್ದು ಹತ್ತು ದಿನ.

“ನನಗೆ ಬೇಕಾದ್ದು ಇಷ್ಟೇ,” ಅಂದಳು. “ದಿನಾ ಅಮ್ಮನ್ನ ಕೂರಿಸಿಕೊಂಡು ಸಂತೆಗೆ, ಬ್ಯಾಂಕಿಗೆ ಹೋಗಬೇಕು. ಬೆಟ್ಟದಲ್ಲಿ ಟಾರು ಮುಗಿದ ಮೇಲೆ ಕಲ್ಲು ಹತ್ತಬೇಕು, ಹಳ್ಳ ದಾಟಬೇಕು. ನಡುದಾರೀಲಿ ಕೈಕೊಡಬಾರದು.”

“ಅಂದ್ರೆ ಮನೇಲಿ ಸೊಸೆ ಹಾಗೆ, ಕಾಡಲ್ಲಿ ಅತ್ತೆ ಹಾಗೆ ಇರಬೇಕು.”

ಅವಳಿಗೆ ನಗು ಬಂತು. ನಗಬಾರದು ಅಂದುಕೊಂಡೇ ನಕ್ಕಳು.

ಅವನು ಜೇಬಿನಿಂದ ಒಂದು ತುಂಡು ಚಾಕ್ ತೆಗೆದು, ಬಗ್ಗಿ ಬಿಳಿ ಗಾಡಿಯ ತಳದ ಕಬ್ಬಿಣದ ಮೇಲೆ ದೊಡ್ಡದೊಂದು ಸೊನ್ನೆ ಬರೆದ. “ಇಲ್ಲಿ ತುಕ್ಕು. ಮೇಲೆ ಬಣ್ಣ ಬಳಿದಿದ್ದಾರೆ. ಬೇಡ.”

ಇದೇ ಅವನ ಪದ್ಧತಿ. ಹಳೇ ಗಾಡಿ ಕೊಳ್ಳುವವರೆಲ್ಲ ಮೊದಲು ಅವನಿಗೆ ತೋರಿಸುತ್ತಿದ್ದರು. ಅವನು ಚೀಟಿ ಬರೆದು ಕೊಡುತ್ತಿರಲಿಲ್ಲ. ದೋಷ ಎಲ್ಲಿದೆಯೋ ಅಲ್ಲೇ ಚಾಕಿನಲ್ಲಿ ಬರೆಯುತ್ತಿದ್ದ. ಕೆಲಸ ಕಲಿಸಿದ ಸೋದರಮಾವ ಹಾಕಿಕೊಟ್ಟ ಕಟ್ಟಳೆಯಂತೆ ಅದು. ಬಾಯಿಗೆ ಮುಲಾಜು ಇರುತ್ತದೆ, ಚಾಕಿಗೆ ಇರಬಾರದು! ಹಾಗಾಗಿ ಎಲ್ಲರೂ ಅವನನ್ನು ಚಾಕ್ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು.

ಎರಡನೇ ಗಾಡಿ ಬಂತು. ಒಳಗಿನ ಹಾಸು ಎತ್ತಿ, ಅಡಿಯ ಒಣಗಿದ ಕೆಸರಿನ ಪಕ್ಕ “ನೀರಲ್ಲಿ ಮುಳುಗಿದ್ದು” ಅಂತ ಬರೆದ. ಮೂರನೆಯದು ಥಳಥಳ ಹೊಳೆಯುತ್ತಿತ್ತು. ಅದರ ಮುಂದಿನ ಬಂಪರಿನ ಮೇಲೆ “ತಗ್ಗು. ಹಳ್ಳದಲ್ಲಿ ಹೊಟ್ಟೆ ತಾಗುತ್ತೆ” ಅಂತ ಬಂತು.

“ಬಣ್ಣ ನೋಡಬೇಡಿ ಡಾಕ್ಟ್ರೇ, ಹೊಟ್ಟೆ ನೋಡಿ,” ಅಂತ ಅವನು ಪಾಠ ಹೇಳಿದ. “ನೆಲಕ್ಕೂ ಹೊಟ್ಟೆಗೂ ನಡುವೆ ಜಾಗ ಇರಬೇಕು. ನಾಲ್ಕೂ ಚಕ್ರ ಎಳೀಬೇಕು. ಬಿಡಿಭಾಗ ನಮ್ಮ ಬಸ್ ಸ್ಟ್ಯಾಂಡ್ ಅಂಗಡೀಲೇ ಸಿಗಬೇಕು. ಎಷ್ಟು ಜೋರಾಗಿ ಓಡುತ್ತೆ ಅಂತ ಕೇಳೋರು ಬೆಟ್ಟಕ್ಕೆ ಹೋಗೋರಲ್ಲ.”

“ನೀವು ಗಾಡಿ ನೋಡೋ ಹಾಗೇ ನಾನು ಹಸು ನೋಡ್ತೀನಿ.”

“ಹಸು ಒದೆಯುತ್ತೆ. ಗಾಡಿ ಒದೆಯಲ್ಲ,” ಅಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅವನ ಕಿವಿ ಕೆಂಪಾದದ್ದನ್ನು ನೋಡಿ ಅವಳಿಗೆ ಸಿಟ್ಟು ಬರಲೇ ಇಲ್ಲ.

‘ಇದೇನು ನನಗೆ? ಬೇರೆ ಯಾರಾದರೂ ಅಂದಿದ್ದರೆ ಜಗಳವೇ ಆಗುತ್ತಿತ್ತಲ್ಲ...’

ದಿನಾ ಸಂಜೆ ಆಸ್ಪತ್ರೆ ಮುಗಿಸಿ ಶೆಡ್ಡಿಗೆ ಬರುವುದು ಅವಳಿಗೆ ಅಭ್ಯಾಸವಾಯಿತು. ಅವಳಿಗಾಗಿ ಒಂದು ಲೋಟ ತೊಳೆದು ಮೊಳೆಗೆ ನೇತು ಹಾಕುವುದು ಅವನಿಗೆ ಅಭ್ಯಾಸವಾಯಿತು. ಟೀ ಕುಡಿಯುತ್ತ ಅವಳು ಹನ್ನೊಂದು ಹಳ್ಳಿಯ ಕನಸು ಹೇಳುತ್ತಿದ್ದಳು. ಅವನು ಕೇಳುತ್ತಿದ್ದ, ಅಷ್ಟೇ.

ನಾಲ್ಕನೆಯದು ಬಂತು ನೋಡಿ, ಹಸಿರು ಗಾಡಿ! ಕಂಟ್ರಾಕ್ಟರ್ ಯಜಮಾನರದ್ದು. ಎತ್ತರದ ಮೈ, ದಪ್ಪ ಟೈರು. ಡಾಕ್ಟರಮ್ಮ ನೋಡಿದ ಗಳಿಗೆಯಲ್ಲೇ ಮನಸೋತಳು.

ಮೇಸ್ತ್ರಿ ಎರಡು ತಾಸು ಪರೀಕ್ಷೆ ಮಾಡಿದ. ಆಮೇಲೆ ಅವಳಿಗೆ ಓಡಿಸಲು ಹೇಳಿ, ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದ. ಹೋಗುವಾಗ ಮಾತಾಡುತ್ತಿದ್ದವನು ಬರುವಾಗ ತುಟಿ ಪಿಟ್ ಅನ್ನಲಿಲ್ಲ.

ಅವಳು ಕೈ ತೊಳೆದು ಬರುವಷ್ಟರಲ್ಲಿ ಅವನು ಗಾಡಿಯಿಂದ ಇಳಿದು ನಿಂತಿದ್ದ.

“ಇದು ಬೇಡ.”

“ಏನು?! ಯಾಕೆ?”

“ಎಂಜಿನ್ ಶಬ್ದ... ಸರಿ ಇಲ್ಲ.” ಹೇಳುವಾಗ ಗೋಡೆ ನೋಡುತ್ತಿದ್ದ.

ಅವಳು ಬಾನೆಟ್ ಎತ್ತಿ ನೋಡಿದಳು. ಮೂಲೆ ಮೂಲೆ ಹುಡುಕಿದಳು. ಚಾಕಿನ ಒಂದು ಗೆರೆಯೂ ಇಲ್ಲ!

“ಗುರುತೆಲ್ಲಿ ಮೇಸ್ತ್ರಿ?”

“ಇರಬೇಕಾದ ಕಡೆ ಇದೆ.”

“ಎಲ್ಲಿ?”

ಅವನು ಚಾಕನ್ನು ಜೇಬಿಗೆ ಹಾಕಿ ಬಾನೆಟ್ ಮುಚ್ಚಿದ.

ಮರುದಿನ ಅವಳು ಗಾಡಿಯನ್ನು ಬಸ್ ಸ್ಟ್ಯಾಂಡ್ ಹತ್ತಿರದ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿದಳು. ಅವನು ಕಿವಿಗೊಟ್ಟು ಕೇಳಿ ನಕ್ಕ. “ಗಡಿಯಾರದ ಹಾಗೆ ಓಡ್ತಿದೆ ಅಮ್ಮ. ಸರಿ ಇಲ್ಲ ಅಂದೋರು ಕಿವಿ ತೋರಿಸ್ಕೊಳ್ಳಲಿ!”

ಮನೆಗೆ ಬಂದು ಹೇಳಿದರೆ ಅಮ್ಮ ಕನ್ನಡಕ ಒರೆಸುತ್ತ ಗುಳುಗುಳು ನಕ್ಕರು. “ಅಷ್ಟೂ ಗೊತ್ತಾಗಲ್ವೇನೇ? ಗಾಡಿ ಸಿಕ್ಕಿಬಿಟ್ರೆ ನೀನು ಶೆಡ್ಡಿಗೆ ಹೋಗೋದು ನಿಲ್ಲುತ್ತೆ. ಅದಕ್ಕೇ ಬೇಡ ಅಂದಿದ್ದಾನೆ ಪುಣ್ಯಾತ್ಮ!”

ಅಮ್ಮ ತಮಾಷೆಗೆ ಅಂದದ್ದು. ಮಗಳಿಗೆ ಮಾತ್ರ ಎದೆಯಲ್ಲಿ ಏನೋ ಅರಳಿತು, ಅರಳಿದ್ದು ಹಾಗೇ ಉರಿಯಿತು. ‘ನನ್ನ ಹುದ್ದೆ ಹೋದರೂ ಪರವಾಗಿಲ್ಲ, ನಾನು ಟೀ ಕುಡಿಯೋಕೆ ಬರಬೇಕು... ಇಷ್ಟೇನಾ ಅವನ ಲೆಕ್ಕ? ನಾನು ನಂಬಿದ್ದೆನಲ್ಲ...’

ಅವತ್ತೇ ಸಂಜೆ ಶೆಡ್ಡಿಗೆ ಹೋದಳು. ಕೂರಲಿಲ್ಲ.

“ಸುಳ್ಳು ಹೇಳಿದ್ರಿ ತಾನೆ?”

ಅವನು ತಲೆ ತಗ್ಗಿಸಿದ. “ಹೇಳಿದೆ. ಎಂಜಿನ್ ಚೆನ್ನಾಗೇ ಇದೆ.”

“ಯಾಕೆ ಮತ್ತೆ?!”

“ಮಾತು ಕೊಟ್ಟುಬಿಟ್ಟಿದ್ದೀನಿ ಡಾಕ್ಟ್ರೇ...”

“ಒಗಟು ಬೇಡ! ನನ್ನ ಹತ್ತಿರ ಒಂದು ಸುಳ್ಳು ಹೇಳಿದೋರ ಹತ್ತು ನಿಜವನ್ನೂ ನಾನು ನಂಬಲ್ಲ. ಆ ಗಾಡೀನೇ ತಗೋತೀನಿ. ನಾಳೆ ಬೆಳಿಗ್ಗೆ ಬೆಟ್ಟ ಹತ್ತಿಸಿ ನೋಡ್ತೀನಿ. ನಿಮ್ಮ ಚಾಕ್ ನೀವೇ ಇಟ್ಕೊಳ್ಳಿ!”

ಮೊಳೆಯ ಮೇಲಿನ ಲೋಟದ ಕಡೆ ಅವಳು ತಿರುಗಿ ಕೂಡ ನೋಡಲಿಲ್ಲ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡದ್ದು ಅವಳಿಗೆ ಮಾತ್ರ ಗೊತ್ತು.

ಶನಿವಾರ ಬೆಳಿಗ್ಗೆ. ಕಂಟ್ರಾಕ್ಟರ್ ಯಜಮಾನರು “ಸಂಜೆವರೆಗೆ ಓಡಿಸಿ ನೋಡಮ್ಮ, ಆಮೇಲೆ ಮಾತು” ಅಂತ ಕೀಲಿ ಕೊಟ್ಟಿದ್ದರು. ಟಾರು ರಸ್ತೆಯಲ್ಲಿ ಹಸಿರು ಗಾಡಿ ಬೆಣ್ಣೆಯ ಹಾಗೆ ಹೋಯಿತು. ಟಾರು ಮುಗಿಯಿತು. ಕಲ್ಲು ಶುರುವಾಯಿತು. ಗಾಡಿ ಅಲ್ಲೂ ಹೆದರಲಿಲ್ಲ.

“ನೋಡಿ! ನೋಡಿ!” ಎಂದು ಇಲ್ಲದ ಮೇಸ್ತ್ರಿಗೆ ಕೂಗಿ ಹೇಳಿದಳು.

ಆಮೇಲೆ ಏರು ಕಡಿದಾಯಿತು. ಪ್ರತಿ ಕಲ್ಲಿಗೂ ಕ್ಲಚ್ ಒತ್ತಬೇಕು, ಅರ್ಧ ಬಿಡಬೇಕು, ಹಿಡಿದು ನಿಲ್ಲಿಸಬೇಕು. ಮತ್ತೆ ಒತ್ತಬೇಕು. ಊರಿನ ಒಂದು ಸುತ್ತಿನಲ್ಲಿ ಗೊತ್ತಾಗದ್ದು ಈಗ ಗೊತ್ತಾಯಿತು. ಪೆಡಲ್ ಗಟ್ಟಿ ಇತ್ತು. ಇಪ್ಪತ್ತನೇ ಸಲಕ್ಕೆ ಮಂಡಿಯೊಳಗೆ ಸೂಜಿ ಚುಚ್ಚಿತು. ಮೂವತ್ತನೇ ಸಲಕ್ಕೆ ಎಡಗಾಲು ತರತರ ನಡುಗಿತು. ಒಂದು ತಿರುವಿನಲ್ಲಿ ಕಾಲು ಜಾರಿ, ಗಾಡಿ ಧಡಕ್ಕನೆ ಕುಲುಕಿ ಬಂದ್ ಆಗಿ, ಹಿಂದಕ್ಕೆ ಒಂದು ಗೇಣು ಉರುಳಿತು!

ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಕೈಯಲ್ಲಿ ಮಂಡಿ ಹಿಡಿದು ಕೂತಳು. ಪಕ್ಕದಲ್ಲಿ ಕಂದರ.

ಅಳು ಬಂತು. ನೋವಿಗಲ್ಲ. ‘ಎಲ್ಲರೂ ಹೇಳಿದ್ದು ನಿಜವೇ ಹಾಗಾದರೆ... ನನ್ನಿಂದ ಆಗೋದಿಲ್ಲ...’

ಕಣ್ಣು ತಗ್ಗಿಸಿದಾಗ ಕಂಡಿತು. ಕಾಲು ಜಾರಿದ ರಭಸಕ್ಕೆ ಪೆಡಲ್ ಕೆಳಗಿನ ರಬ್ಬರ್ ಮ್ಯಾಟ್ ಸರಿದಿತ್ತು. ಅದರ ಅಂಚಿನಲ್ಲಿ ಬೆಳ್ಳಗೆ ಏನೋ... ಮ್ಯಾಟ್ ಎತ್ತಿದಳು.

ತಗಡಿನ ಮೇಲೆ, ಸರಿಯಾಗಿ ಕ್ಲಚ್ ಪೆಡಲಿನ ಕೆಳಗೆ, ಚಾಕಿನ ಅಕ್ಷರ.

“ಗಾಡಿಯಲ್ಲಿ ದೋಷ ಇಲ್ಲ. ಏರಿನಲ್ಲಿ ಈ ಪೆಡಲ್ ಅವರ ಕಾಲಿಗೆ ನೋವು ಕೊಡುತ್ತೆ. ಅವರಿಗೆ ನೋವು ಕೊಡೋ ಗಾಡಿ ನಾನು ಪಾಸ್ ಮಾಡಲ್ಲ.”

ಮೇಸ್ತ್ರಿ ಮಾತು ಕೊಟ್ಟಿದ್ದಕ್ಕೆ ಬಾಯಿ ಕಟ್ಟಿಕೊಂಡ. ಚಾಕಿಗೆ ಸುಳ್ಳು ಹೇಳಲಾರದೆ, ಯಾರೂ ನೋಡದ ಕಡೆ ನಿಜ ಬರೆದಿಟ್ಟ. ಕಾಲಿನ ಕಡೆ ನೋಡಲೇ ಇಲ್ಲ ಅಂದುಕೊಂಡಿದ್ದಳು. ಅವನಷ್ಟು ಸರಿಯಾಗಿ ಇನ್ಯಾರೂ ನೋಡಿರಲಿಲ್ಲ.

ನಡುಕ ನಿಂತ ಮೇಲೆ ಮೆಲ್ಲಗೆ ಗಾಡಿ ತಿರುಗಿಸಿ, ಒಂದನೇ ಗೇರಿನಲ್ಲೇ ಇಳಿದು ಬಂದಳು. ಇಳಿಜಾರಿನಲ್ಲಿ ಕ್ಲಚ್ಚಿನ ಹಂಗು ಹೆಚ್ಚಿರಲಿಲ್ಲ.

ಶೆಡ್ಡಿನ ಮುಂದೆ ಅವನು ದಾರಿ ನೋಡುತ್ತಲೇ ನಿಂತಿದ್ದ. ಗಾಡಿ ಕಂಡದ್ದೇ ಓಡಿ ಬಂದ.

“ಏನಾಯ್ತು? ಹುಷಾರಾಗಿದ್ದೀರಾ?”

“ಕಾಲು ನೋಯ್ತಿದೆ,” ಅಂದಳು ಅವಳು. ಎರಡು ವರ್ಷದಲ್ಲಿ ಆ ಮಾತನ್ನು ಅಮ್ಮನಿಗೂ ಹೇಳಿರಲಿಲ್ಲ. “ತುಂಬಾ ನೋಯ್ತಿದೆ ಮೇಸ್ತ್ರಿ...”

ಅವನು ಸ್ಟೂಲು ತಂದ. ಒಂದು ಟೈರು ಉರುಳಿಸಿ ತಂದು, ಅದರ ಮೇಲೆ ಅವಳ ಕಾಲು ಚಾಚಿಸಿದ. ಮೊಳೆಯ ಮೇಲಿನ ಲೋಟ ತೆಗೆದು ನೀರು ಕೊಟ್ಟ.

“ಮ್ಯಾಟ್ ಎತ್ತಿ ನೋಡಿದೆ.”

ಅವನ ಕಿವಿ ಮತ್ತೆ ಕೆಂಪಾಯಿತು.

“ಕ್ಲಚ್ ಗಟ್ಟಿ ಅಂತಾದ್ರೂ ಹೇಳಬಹುದಿತ್ತಲ್ಲ?”

“ಯಾರಿಗೆ ಗಟ್ಟಿ ಅಂತ ಕೇಳ್ತಿದ್ರಿ. ಆಗ ಏನು ಹೇಳಲಿ?”

“ನಿಜ ಹೇಳಬೇಕಿತ್ತು! ನಾನು ಬೈತಿದ್ದೆ, ಒಂದು ದಿನ ಮುಖ ಊದಿಸ್ಕೊಂಡಿರ್ತಿದ್ದೆ, ಅಷ್ಟೇ ತಾನೆ? ಇವತ್ತು ಅಲ್ಲಿ ಗಾಡಿ ಹಿಂದಕ್ಕೆ ಉರುಳ್ತು. ನನ್ನ ಕಾಲಿನ ವಿಷಯ ನನ್ನಿಂದಲೇ ಮುಚ್ಚಿಟ್ರೆ ಅದು ಒಳ್ಳೇತನ ಅಲ್ಲ ಮೇಸ್ತ್ರಿ.”

ಅವನ ಮುಖ ಬಿಳಿಚಿಕೊಂಡಿತು. “ತಪ್ಪಾಯ್ತು. ನೀವು ಇನ್ನು ಬರಲ್ಲ ಅಂತ ಹೆದರಿದೆ. ಮಾತು ಮುರಿದ್ರೂ ಬರಲ್ಲ, ಗಾಡಿ ಪಾಸ್ ಮಾಡಿದ್ರೂ ಬರಲ್ಲ...”

“ನನ್ನದೂ ತಪ್ಪಿದೆ,” ಅಂದಳು ಮೆತ್ತಗೆ. “ಬೇಡ ಬೇಡ ಅಂತ ಮೊದಲೇ ಬಾಗಿಲು ಹಾಕಿಟ್ಟೆ. ಈಗ ಕೇಳ್ತಿದ್ದೀನಿ. ನಿಮ್ಮ ಬಾಯಲ್ಲೇ ಹೇಳಿ. ನನಗೆ ಯಾವ ಗಾಡಿ ಸರಿ?”

ಅವನು ಶೆಡ್ಡಿನ ಮೂಲೆಗೆ ಹೋಗಿ ಒಂದು ಟಾರ್ಪಾಲು ಎಳೆದ. ಅಡಿಯಲ್ಲಿ ಬೂದು ಬಣ್ಣದ ಗಾಡಿ. ಎತ್ತರದ ಹೊಟ್ಟೆ, ನಾಲ್ಕೂ ಚಕ್ರ ಎಳೆಯುವಂಥದ್ದು. ಒಳಗೆ ಇಣುಕಿದಳು. ಪೆಡಲ್ ಎರಡೇ!

“ಆಟೋಮ್ಯಾಟಿಕ್,” ಅಂದ ಅವನು, ಹೊಡೆತಕ್ಕೆ ಸಿದ್ಧನಾದವನಂತೆ. “ನೀವು ಬಂದ ಮೂರನೇ ದಿನವೇ ಒಬ್ಬರ ಹತ್ತಿರ ಹೇಳಿ ತರಿಸಿಟ್ಟೆ. ಕಲ್ಲಿನ ಮೇಲೆ ಇದು ಇನ್ನೂ ನಿಧಾನವಾಗಿ, ಜಾರದೆ ಹತ್ತುತ್ತೆ. ಬೆಟ್ಟಕ್ಕೆ ಇದೇ ಸರಿ. ನಿಮಗೆ ಕಾಲು ಸರಿ ಇದ್ದಿದ್ರೂ ನಾನು ಇದನ್ನೇ ಹೇಳ್ತಿದ್ದೆ.”

“ಸುಳ್ಳಲ್ಲ ತಾನೆ?”

“ಅಲ್ಲ. ಹುಡುಕಿ ನೋಡಿ. ಎಲ್ಲೂ ಗುರುತಿಲ್ಲ.”

ಅವಳು ನಿಜಕ್ಕೂ ಹುಡುಕಿದಳು! ಬಾನೆಟ್ ಎತ್ತಿ, ಟೈರು ಸವರಿ, ಮ್ಯಾಟುಗಳನ್ನಂತೂ ಎರಡೆರಡು ಸಲ ಎತ್ತಿ ನೋಡಿದಳು. ಆಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಬೆಟ್ಟಕ್ಕೆ ಹೊರಟಳು. ಅದೇ ಕಲ್ಲು, ಅದೇ ಕಡಿದಾದ ತಿರುವು. ಎಡಗಾಲು ಸುಮ್ಮನೆ ಮೂಲೆಯಲ್ಲಿ ಕೂತು ವಿಶ್ರಾಂತಿ ತೆಗೆದುಕೊಂಡಿತು. ಗಾಡಿ ಗೊಣಗದೆ ಮೇಲೆ ಹತ್ತಿತು.

ಮೊದಲ ಹಳ್ಳಿ ಕಾಣುವ ಜಾಗದಲ್ಲಿ ನಿಲ್ಲಿಸಿದಳು. ಬಯಲಲ್ಲಿ ಹಸುಗಳು ಮೇಯುತ್ತಿದ್ದವು. ಸೋಮವಾರದಿಂದ ಅವೆಲ್ಲ ಅವಳ ಪಾಲಿಗೆ.

“ಚಾಕ್ ಕೊಡಿ ಇಲ್ಲಿ.”

ಅವನು ಜೇಬಿನಿಂದ ತೆಗೆದು ಕೊಟ್ಟ. ಅವಳು ಅದನ್ನು ಮತ್ತೆ ಅವನ ಅಂಗೈಯಲ್ಲೇ ಇಟ್ಟಳು.

“ಊರಿನ ಗಾಡಿಗೆಲ್ಲ ಗುರುತು ಹಾಕ್ತೀರಲ್ಲ. ನಿಮ್ಮಲ್ಲಿ ದೋಷ ಎಲ್ಲಿದೆಯೋ, ಅಲ್ಲಿ ಹಾಕಿ ನೋಡೋಣ.”

ಅವನು ಗಂಭೀರವಾಗಿ ಚಾಕ್ ಎತ್ತಿ, ತನ್ನ ತುಟಿಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದುಕೊಂಡ.

ಡಾಕ್ಟರಮ್ಮ ಪಕಪಕ ನಕ್ಕಳು. ನಗುತ್ತ ನಗುತ್ತ ಅವಳ ಕಣ್ಣು ತುಂಬಿತು. ಸೆರಗಿನ ತುದಿಯಿಂದ ಆ ಗೆರೆಯನ್ನು ಮೆಲ್ಲಗೆ ಒರೆಸಿದಳು.

“ರಿಪೇರಿ ಆಗುತ್ತಾ ಮೇಸ್ತ್ರಿ?”

“ಆಗುತ್ತೆ. ಈಗಲೇ ಓಡಿಸಿ ನೋಡ್ಲಾ?”

“ಹ್ಞೂಂ.”

“ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗಲ್ಲ ಡಾಕ್ಟ್ರೇ.”

ಅವಳು ಎಡ ಮಂಡಿಯ ಮೇಲಿದ್ದ ತನ್ನ ಕೈ ಎತ್ತಿ, ಚಾಕಿನ ಧೂಳು ಮೆತ್ತಿದ ಅವನ ಕೈಯನ್ನು ಅಲ್ಲಿ ಇಟ್ಟುಕೊಂಡಳು.

“ಇಲ್ಲಿ ಇನ್ನೂ ಸ್ವಲ್ಪ ನೋಯ್ತಿದೆ.”

“ಗೊತ್ತು,” ಅಂದ ಅವನು. “ಇಳಿಯುವಾಗ ನಾನು ಓಡಿಸ್ತೀನಿ.”