ಒಡಪಿನೊಳಗೆ ಬಂದ ಹೆಸರು

"ಇವತ್ತ ನೀವು ಬಾಯಿ ತೆಗೀಬಾರ್ದು ನೋಡ್ರಿ," ಎಂದಳು ನಾಗರತ್ನಾ, ಕಾಲೇಜಿನ ವರಾಂಡದಲ್ಲಿ.

"ನಾ ಏನ ಮಾಡೇನಿ?" ನಿಂಗರಾಜ ಹುಬ್ಬು ಹಾರಿಸಿದ.

"ಹೋದ ಸಲ ಮಾಡಿದ್ರಲ್ಲ, ಅದು."

ಹೋದ ಸಲ ಎಂದರೆ ಆನರ್ಸ್ ತರಗತಿಯ ಮೊದಲ ಸೆಮಿನಾರು. ಹೂಲಿಯಿಂದ ಬೈಲಹೊಂಗಲಕ್ಕೆ ಓದಲು ಬಂದ ಈ ಹುಡುಗಿ ಎದ್ದು ನಿಂತು, ನಾಲ್ಕು ಮಾತಾಡಿ, ಬೆವತು ಸುಮ್ಮನಾಗಿದ್ದಳು. ಉಳಿದದ್ದನ್ನು ಜೊತೆಗಾರನಾದ ರಾಮದುರ್ಗದ ನಿಂಗರಾಜನೇ ಹೇಳಿ ಮುಗಿಸಿದ್ದ. ಮಾತಿನ ಮಲ್ಲ ಅವನು. ಅವಳಿಗೆ ಅವನ ಮೇಲೆ ಅಂದು ಸಿಟ್ಟು ಬಂತು, ಅಕ್ಕರೆಯೂ ಬಂತು. ತರಗತಿಯ ಮೇಡಂ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದ್ದರು, ಈ ಸಲವೂ ಬಾಯಿ ಕಟ್ಟಿದರೆ ಆನರ್ಸ್ ಬಿಟ್ಟು ಸಾದಾ ಬಿ.ಎ.ಗೆ ಹೋಗಬೇಕೆಂದು.

ಅವಳ ವಿಷಯ ಒಡಪು. ಹೊಸ ಮದುಮಗಳು ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲು ತಡೆಯುತ್ತಾರೆ. ಗಂಡನ ಹೆಸರನ್ನು ಪ್ರಾಸದೊಳಗೆ ಕಟ್ಟಿ ಹೇಳಿದ ಮೇಲೆಯೇ ಒಳಗೆ ಬಿಡುವುದು. ಅಜ್ಜಿ ತಂಗೆವ್ವನಿಂದ ಹಿಡಿದು ಸಿರಸಂಗಿ, ಸವದತ್ತಿಯ ಹೆಂಗಸರ ತನಕ ಎಲ್ಲರನ್ನೂ ಕಾಡಿ ಬೇಡಿ ಒಡಪು ಕೂಡಿಸಿದ್ದಳು.

ಕರೆದಾಗ ಎದ್ದಳು. ಮೊದಲ ಸಾಲನ್ನೇ ಎರಡು ಸಲ ತಡವರಿಸಿದಳು. ಕೊನೆಯ ಬೆಂಚಿನಲ್ಲಿ ನಿಂಗರಾಜ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ. ಕಣ್ಣಲ್ಲೇ 'ಹೂಂ' ಎಂದ. ಅವನ ಪಾಡು ನೋಡಿ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಮಾತೂ ಬಂತು.

ಧಾರವಾಡದಿಂದ ಬಂದಿದ್ದ ಹಿರಿಯ ಪರೀಕ್ಷಕರು ಕೇಳಿದರು: "ಒಂದು ಹೇಳಿ ತೋರಿಸವ್ವಾ. ಹೆಸರು ಯಾವುದಾದ್ರೂ ಇರಲಿ."

ಅವಳು ಕಣ್ಣು ಮುಚ್ಚಿ, ಎಳೆ ಜೋಳದ ಸೀತನಿ ಸುಡುತ್ತ ಅಜ್ಜಿ ಹೇಳುತ್ತಿದ್ದ ಧಾಟಿ ಹಿಡಿದಳು.

"ಸಿರಸಂಗಿ ಹೊಲದಾಗ ಸೀತನಿ ಸುಗ್ಗಿ,
ನಿಂಗರಾಜರ ಹೆಸರ ಹೇಳತೇನಿ ಹಿಗ್ಗಿ."

ಎಲ್ಲರೂ ಕೊನೆಯ ಬೆಂಚಿನ ಕಡೆ ತಿರುಗಿದರು. ಆಮೇಲೆ ನಗೆಯೋ ನಗೆ. ಲೋಕದಲ್ಲಿ ಅಷ್ಟು ಹೆಸರಿರುವಾಗ ಅವಳ ಬಾಯಿಗೆ ಬಂದದ್ದು ಅದೊಂದೇ. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆದರೂ ಓಡಲಿಲ್ಲ.

"ಮಂದಿ ನಗೂದೂ ಒಡಪಿನ ಭಾಗಾನ ರೀ ಸರ್," ಎಂದಳು. "ನಗಲಿಲ್ಲಂದ್ರ ಹೇಳಿದಾಕಿಗೂ ಸಮಾಧಾನ ಇಲ್ಲ."

ಪರೀಕ್ಷಕರೂ ನಕ್ಕರು. ಕೊನೆಯ ಪ್ರಶ್ನೆಯ ತನಕ ಅವಳೇ ನಿಂತು ಉತ್ತರಿಸಿದಳು. "ಆನರ್ಸಿನ್ಯಾಗ ನಿನ್ನ ಜಾಗಾ ಗಟ್ಟಿ ಆತು," ಎಂದರು ಮೇಡಂ.

ಎಲ್ಲರೂ ಚಹಾಕ್ಕೆ ಹೋದರು. ನಿಂಗರಾಜ ತಲೆ ತಗ್ಗಿಸಿ ಕೂತೇ ಇದ್ದ. ಅವಳು ಅವನ ಬೆಂಚಿನ ಹತ್ತಿರ ಹೋದಳು.

"ಸಿಟ್ಟ ಬಂತೇನ್ರಿ?"

"ಬಾಯಿ ತೆಗೀಬಾರ್ದು ಅಂದಿದ್ರಲ್ಲ."

"ಈಗ ತೆಗೀರಿ."

ತೆಗೆದ, ಮಾತು ಬರಲಿಲ್ಲ. ಕಿವಿಯೆಲ್ಲ ಕೆಂಪಾಗಿ, ಎದ್ದು ಬಾಗಿಲ ಕಡೆ ನಡೆದ. ಅವಳು ಮುಂಚೆಯೇ ಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಹೆಸರ ಹೇಳಿದ್ರ ಬಿಡತೇನಿ."

"ನನಗ ಪ್ರಾಸ ಕಟ್ಟಾಕ ಬರೂದಿಲ್ರಿ."

"ಬರೇ ಹೆಸರ ಸಾಕು."

ಅವನು ತಲೆ ಎತ್ತಿ ಅವಳನ್ನು ನೆಟ್ಟಗೆ ನೋಡಿದ.

"ನಾಗರತ್ನಾ," ಎಂದ ಮೆಲ್ಲಗೆ. "ದಿನಾ ಮನಸಿನ್ಯಾಗ ಇದನ್ನ ಹೇಳ್ಕೋತೇನಿ."

ಹೆಸರು ಹೇಳಿದ್ದಾಯಿತು. ದಾರಿ ಬಿಡಬೇಕೆಂಬುದು ಅವಳಿಗೆ ನೆನಪೇ ಆಗಲಿಲ್ಲ.