ಗಾಂಧಾರ ತಪ್ಪಿದ್ದು

“ಉಸ್ತಾದ್ರ, ಇವತ್ತ ನಿಮ್ಮ ಕೈಗೆ ಹದಿನೆಂಟು ವಯಸ್ಸು ಆದಂಗ ಐತ್ರಿ!”

ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಗವಿಸಿದ್ದಪ್ಪ ಕೂಗಿದ. ಒಳಗಿನ ಪಿಟೀಲು ಥಟ್ಟನೆ ನಿಂತಿತು. ಬುಡ್ಡೇಸಾಬರ ಉತ್ತರ ಮಾತ್ರ ಹಿತ್ತಲಿನಿಂದ ಬಂತು.

“ನಾ ಇಲ್ಲೆ ಮಾರಿ ತೊಳಕೊಳ್ಳಾಕತ್ತೀನಿ ತಮ್ಮಾ. ಕೈಯೂ ಆಕಿದು, ವಯಸ್ಸೂ ಆಕಿದು.”

ಗವಿಸಿದ್ದಪ್ಪ ಇಣುಕಿದ. ಚಾಪೆಯ ಮೇಲೆ ಇಳಕಲ್ ಸೀರೆಯ ಹುಡುಗಿಯೊಬ್ಬಳು ಪಿಟೀಲಿನ ಕಮಾನು ಹಿಡಿದು ಕೂತಿದ್ದಳು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಕಣ್ಣು ಮಾತ್ರ ನಗುತ್ತಲೇ ಇತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಅದು. ನಾಟಕ ಕಂಪನಿ ಮುಚ್ಚಿದ ಮೇಲೆ ಬುಡ್ಡೇಸಾಬರು ಬೆಟಗೇರಿಯ ನೇಕಾರರ ಓಣಿಯಲ್ಲಿ ಪಿಟೀಲು ಕಲಿಸುತ್ತಿದ್ದರು. ಆ ಹುಡುಗಿ ಉಡಚವ್ವ, ಹಿರೇಹಂದಿಗೋಳದ ರೈತನ ಮಗಳು. ಭಜನೆಯ ಹುಚ್ಚಿದ್ದ ಅಪ್ಪ ಅವಳನ್ನು ಬೆಟಗೇರಿಯ ಸೋದರತ್ತೆಯ ಮನೆಯಲ್ಲಿಟ್ಟು ಕಲಿಯಲು ಬಿಟ್ಟಿದ್ದ. ಮಲ್ಲಸಮುದ್ರದ ಗವಿಸಿದ್ದಪ್ಪ ಆಗಷ್ಟೇ ಹೆಸರು ಮಾಡುತ್ತಿದ್ದ ಹಾಡುಗಾರ. ಕಚೇರಿಗೆ ಜೊತೆಯಾಗುವ ಪಿಟೀಲಿನವರನ್ನು ಹುಡುಕಿಕೊಂಡು ಬಂದಿದ್ದ.

“ನನ್ನ ಜೋಡಿ ಬಾರಸ್ತಿಯೇನು?”

“ಮೊದಲ ನೀವು ಹಾಡ್ರಿ. ಕೇಳಿ ಹೇಳ್ತೀನಿ.”

ಅವನು ಹಾಡಿದ. ಎರಡನೆಯ ಸಾಲಿಗೆ ಅವಳು ಕಮಾನು ಎತ್ತಿಕೊಂಡಳು.

ಆಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಊರೂರು ತಿರುಗಿದರು. ಗುರುಗಳೋ ಅತ್ತೆಯೋ ಕಾವಲಿಗೆ ಇರುತ್ತಿದ್ದರು. ಆದರೆ ವೇದಿಕೆಯ ಮೇಲೆ ಯಾವ ಕಾವಲೂ ಇರಲಿಲ್ಲ. ಅವನು ಆಲಾಪ ಬಿಟ್ಟಲ್ಲಿಂದ ಅವಳು ಎತ್ತಿಕೊಳ್ಳುವಳು. ಅವನು ತಲೆದೂಗುವ ನೆಪದಲ್ಲಿ ಅವಳತ್ತ ತಿರುಗುವನು. ಅವಳ ಕಿವಿ ಕೆಂಪಾಗುವುದು.

ಮುಂಡರಗಿಯ ಕಚೇರಿ ಮುಗಿದ ಮರುದಿನ ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಅತ್ತೆ ನೀರಿಗಿಳಿದಾಗ ಅವನು ಮೆಲ್ಲಗೆ ಅಂದ, “ಆ ದಂಡಿ ಮದ್ರಾಸಿನವ್ರದು, ಈ ದಂಡಿ ಮುಂಬೈಯವ್ರದು. ಎರಡೂ ಕಡೆ ಮಾತಾಡೂದು ಕನ್ನಡ. ನಾಡು ಒಂದಾಗೂತನಕ ನಾವೂ ಕಾಯಬೇಕೇನು?”

“ಯಾರು ಕಾಯ್ರಿ ಅಂದ್ರು?” ಅಂದಳು ಉಡಚವ್ವ. ಅಂದದ್ದಕ್ಕೆ ತಾನೇ ಬೆಚ್ಚಿ ಮರಳಿನಲ್ಲಿ ಗೆರೆ ಎಳೆಯತೊಡಗಿದಳು.

ಧಾರವಾಡದ ರೇಡಿಯೋ ಕೇಂದ್ರದಿಂದ ಇಬ್ಬರಿಗೂ ಪರೀಕ್ಷೆಗೆ ಕರೆ ಬಂತು. ರೈಲಿನಲ್ಲಿ ಬುಡ್ಡೇಸಾಬರು ತೂಕಡಿಸುತ್ತಿದ್ದರು. ಗವಿಸಿದ್ದಪ್ಪ ಅವಳ ಎದುರು ಕೂತಿದ್ದ.

“ಉಡಚಿ, ನೀ ಪಾಸಾದ್ರ ನಿನ್ನ ಸ್ವತಂತ್ರ ಬಾರಸಾಕ ಕರೀತಾರ. ದೊಡ್ಡ ದೊಡ್ಡವ್ರು ಕರೀತಾರ. ಆಮ್ಯಾಲ ನನ್ನ ಬಾಜೂಕ ಯಾರು ಕುಂದ್ರಬೇಕು?” ನಗುತ್ತಲೇ ಕೇಳಿದ. ಆದರೆ ಆ ನಗುವಿನೊಳಗೆ ಹೆದರಿಕೆ ಇತ್ತು. ಅವಳಿಗೆ ಅದು ಕಂಡಿತು.

ಗಾಜಿನ ಕಿಟಕಿಯ ಕೋಣೆಯಲ್ಲಿ ಅವಳು ಭೀಮಪಲಾಸ ರಾಗ ಎತ್ತಿಕೊಂಡಳು. ಕೈ ಎಂದೂ ಇಲ್ಲದಷ್ಟು ಹಗುರವಾಗಿ ಹರಿಯಿತು. ಗಾಜಿನಾಚೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳು ಕಣ್ಣು ಮುಚ್ಚಿ, ಗಾಂಧಾರ ಸ್ವರದ ಮೇಲಿದ್ದ ಬೆರಳನ್ನು ಕೂದಲೆಳೆಯಷ್ಟು ಜಾರಿಸಿದಳು. ಒಮ್ಮೆ ಅಲ್ಲ, ಮತ್ತೆ ಮತ್ತೆ.

ಗವಿಸಿದ್ದಪ್ಪ ಪಾಸಾದ. ಅವಳು ಆಗಲಿಲ್ಲ. ಬುಡ್ಡೇಸಾಬರು ಒಂದು ವಾರ ಅವಳೊಂದಿಗೆ ಮಾತಾಡಲಿಲ್ಲ. ಅವಳು ಮಾತ್ರ ಒಳಗೊಳಗೇ ಮದುವಣಗಿತ್ತಿಯಂತೆ ನಲಿಯುತ್ತಿದ್ದಳು.

ರೇಡಿಯೋದಲ್ಲಿ ಅವನ ಹಾಡು ಬಂತು. ಪಿಟೀಲು ಬೇರೆಯವರದಿತ್ತು. ಅಲ್ಲಿ ಪಾಸಾದವರಿಗಷ್ಟೇ ಅವಕಾಶ ಎಂದು ಅವಳು ಸಮಾಧಾನ ಮಾಡಿಕೊಂಡಳು. ಒಂದು ದಿನ ಶಿರಹಟ್ಟಿಯ ಕಚೇರಿಗೆ ಎಂದಿನಂತೆ ಅತ್ತೆಯೊಂದಿಗೆ ಹೋದಳು. ಅವಳ ಜಾಗದಲ್ಲಿ ಹುಬ್ಬಳ್ಳಿಯ ಪಿಟೀಲಿನವರು ತಂತಿ ಬಿಗಿಯುತ್ತಿದ್ದರು.

ಗವಿಸಿದ್ದಪ್ಪ ಅವಳನ್ನು ವೇದಿಕೆಯ ಹಿಂದಕ್ಕೆ ಕರೆದ. “ಕರೆಸಿದವ್ರು ಇಬ್ಬರೂ ರೇಡಿಯೋದವ್ರ ಬೇಕು ಅಂತಾರ. ನಾ ಏನ ಮಾಡ್ಲಿ? ಪಾಸಾಗದಾಕಿ ನೀನ ಅಲ್ಲೇನು?”

ಉಡಚವ್ವ ಪಿಟೀಲಿನ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡಳು.

“ಹೋಗ್ಲಿ ಬಿಡು,” ಅವನು ಅವಳ ಕೈ ಹಿಡಿಯಲು ಬಂದ. “ಮುಂದಿನ ತಿಂಗಳ ನಿಮ್ಮಪ್ಪನ ಕಂಡು ಮಾತಾಡ್ತೀನಿ. ಲಗ್ನಾದ ಮ್ಯಾಲ ಮನ್ಯಾಗ ಬಾರಸು. ಊರೂರು ತಿರಗೂದು ಯಾಕ ಬೇಕು ನಿನಗ?”

ಅವಳು ಕೈ ಹಿಂದೆಗೆದುಕೊಂಡಳು. “ಮಾತಾಡಾಕ ಬರಬ್ಯಾಡ್ರಿ.”

ತಾನು ಬೇಕೆಂದೇ ಸ್ವರ ತಪ್ಪಿಸಿದ್ದನ್ನು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಅವನಿಗದು ಗೊತ್ತಿಲ್ಲ, ಗೊತ್ತಿದ್ದರೆ ಹೀಗೆ ಅನ್ನುತ್ತಿರಲಿಲ್ಲ ಎಂದುಕೊಂಡು ದಾರಿಯುದ್ದಕ್ಕೂ ಅತ್ತಳು.

ಬೆಟಗೇರಿಗೆ ಬಂದು ಗುರುಗಳಿಗೆ ಎಲ್ಲ ಹೇಳಿದಳು. ಬುಡ್ಡೇಸಾಬರು ಪಿಟೀಲನ್ನು ಅವಳ ಮುಂದಿಟ್ಟರು. “ಆ ಸುರ ನನಗ ನನ್ನ ಗುರು ಕೊಟ್ಟದ್ದು. ಅದನ್ನ ಒಬ್ಬನ ಪ್ರೀತಿಗೆ ಕೆಡಸಾಕ ನೀ ಯಾರವ್ವಾ? ಕುಂದ್ರು. ಸಾ ಹಿಡಿ.”

ಅವಳು ಕೂತಳು. ಎದೆ ಒಡೆದ ಹಾಗಿದ್ದ ದಿನಗಳಲ್ಲೂ ಸಾಧನೆ ಬಿಡಲಿಲ್ಲ. ಅವನಿಗೆ ಬೇರೆ ಕಡೆ ಲಗ್ನವಾದ ಖಬರ ಬಂದ ದಿನವೂ ನುಡಿಸಿದಳು. ಮತ್ತೆ ಧಾರವಾಡಕ್ಕೆ ಹೋದಳು, ಪಾಸಾದಳು. ಬೆಳಗಾವಿ, ಸೊಲ್ಲಾಪುರ, ಪುಣೆಯಿಂದ ಕರೆ ಬಂದವು. ಲಗ್ನದ ಮಾತು ಬಂದಾಗಲೆಲ್ಲ ತಲೆ ಅಲ್ಲಾಡಿಸಿದಳು. ಅವನಿಗೆ ಗೊತ್ತಿರಲಿಲ್ಲ ಎಂಬ ಒಂದೇ ಎಳೆ ಹಿಡಿದು ಒಳಗೊಳಗೇ ಅವನನ್ನು ಪ್ರೀತಿಸುತ್ತಲೇ ಇದ್ದಳು.

ಕರ್ನಾಟಕ ಒಂದಾದ ವಾರ ಗದಗಿನಲ್ಲಿ ಅವಳ ಪಿಟೀಲು ಕಚೇರಿ. ಪರದೆಯ ಹಿಂದೆ ಅಣಿಯಾಗುತ್ತಿದ್ದಾಗ ಗವಿಸಿದ್ದಪ್ಪ ಬಂದ. ಕೂದಲು ತೆಳ್ಳಗಾಗಿತ್ತು, ದನಿ ಒರಟಾಗಿತ್ತು.

“ನನ್ನ ಈಗ ಯಾರೂ ಅಷ್ಟು ಕರೆಯೂದಿಲ್ಲ, ಉಡಚಿ. ನೀ ಬಾಜೂಕ ಇದ್ದಂಗ ಮತ್ತ ಯಾರೂ ಆಗಲಿಲ್ಲ.”

ಅವಳ ಕಣ್ಣು ತುಂಬಿತು. ಇಷ್ಟು ವರ್ಷ ಕಾದ ಮಾತು ಅದು.

“ನಿನ್ನ ಮುಂದ ಒಂದು ಖರೆ ಹೇಳಬೇಕು,” ಅವನು ತಲೆ ತಗ್ಗಿಸಿದ. “ಆವತ್ತ ಧಾರವಾಡದಾಗ ನೀ ಬೇಕಂತನ ತಪ್ಪಿದ್ದಿ. ಗಾಜಿನ ಹಿಂದ ನಿಂತು ನೋಡಿದ್ನಿ. ನಿನ್ನ ಬೆರಳು ನನಗ ಗೊತ್ತಿರಲಿಲ್ಲೇನು? ನನ್ನ ಮ್ಯಾಲ ಎಷ್ಟು ಜೀವ ಇಟ್ಟಾಳಲ್ಲ ಅಂತ ಖುಷಿ ಆಗಿತ್ತು.”

ಪರದೆಯಾಚೆ ಜನ ಕೂರುವ ಗದ್ದಲ ಕೇಳುತ್ತಿತ್ತು. ಉಡಚವ್ವ ಅವನ ಮುಖವನ್ನೇ ನೋಡಿದಳು. ಗೊತ್ತಿದ್ದೂ ಶಿರಹಟ್ಟಿಯಲ್ಲಿ ‘ಪಾಸಾಗದಾಕಿ ನೀನ’ ಅಂದಿದ್ದ. ಕಣ್ಣೀರು ಕೆನ್ನೆಗಿಳಿಯದೆ ಅಲ್ಲೇ ಆರಿತು.

“ಹೊರಗ ನಡೀರಿ,” ಅಂದಳು. “ಶ್ರುತಿ ಮಾಡ್ಕೊಳ್ಳೂದು ಐತಿ.”